ತಾರಸಿಯ ಮೇಲಿನ ಮೂಗು

ಅಹವಾಲು ಸಭೆಯ ದಿನ ಟೈಲರಮ್ಮ ಹೊಲಿಗೆ ಮಷೀನಿನ ಮುಂದೆ ಕೂರಲೇ ಇಲ್ಲ. ಕೂತಿದ್ದರೂ ಕೈ ಓಡುತ್ತಿರಲಿಲ್ಲ ಬಿಡಿ. ಹಿಂದಿನ ದಿನ ಒಂದು ಶಾಲೆ ಅಂಗಿಗೆ ಎಡಗಡೆ ತೋಳನ್ನು ಬಲಗಡೆ ಕೂರಿಸಿಬಿಟ್ಟಿದ್ದಳು. ಅದನ್ನು ಬಿಚ್ಚುವ ವ್ಯವಧಾನವೂ ಇರಲಿಲ್ಲ. ಅವಳ ಜೀವವೆಲ್ಲ ಒಂದೇ ಕಡೆ ನೆಟ್ಟಿತ್ತು. ಟೈರ್ ಕಾರ್ಖಾನೆಗೆ ಎರಡನೇ ಹೊಗೆ ಕೊಳವೆ ಎಬ್ಬಿಸುವುದಕ್ಕೆ ಪರವಾನಗಿ ಸಿಗುತ್ತದೋ ಇಲ್ಲವೋ ಅನ್ನುವುದು ಇವತ್ತು ಇತ್ಯರ್ಥವಾಗುತ್ತಿತ್ತು.

ಬೀದಿಯ ಕೊನೆಯಲ್ಲಿ, ಒಂದೇ ಒಂದು ಗೋಡೆಯಾಚೆ ಇರುವ ಕಾರ್ಖಾನೆ ಅದು. ಹಳೇ ಟೈರುಗಳನ್ನು ಬೇಯಿಸಿ ಎಣ್ಣೆ ತೆಗೆಯುತ್ತಾರೆ. ಹಗಲೆಲ್ಲ ಮಹಾ ಸಂಭಾವಿತನ ಹಾಗೆ ಸುಮ್ಮನಿರುತ್ತದೆ. ಕಚೇರಿಗಳ ಬಾಗಿಲು ಮುಚ್ಚಿ ಸಾಹೇಬರುಗಳು ಮನೆ ಸೇರಿದರೋ ಇಲ್ಲವೋ, ಶುರು ನೋಡಿ! ಕಪ್ಪು ಹೊಗೆ ಮೇಲಕ್ಕೆ ಹೋಗುವ ಮರ್ಯಾದೆಯನ್ನೂ ಇಟ್ಟುಕೊಳ್ಳದೆ ನೆಲ ಹಿಡಿದು ಬೀದಿಗೆ ಇಳಿಯುತ್ತದೆ. ಹಾಲಿನ ಪಾತ್ರೆಯ ಮೇಲೆ ಮಸಿ, ದಿಂಬಿನ ಮೇಲೆ ಮಸಿ, ಮೂಗು ಒರೆಸಿಕೊಂಡ ಬಟ್ಟೆಯಲ್ಲೂ ಮಸಿ. ಮಾಲೀಕನನ್ನು ಕೇಳಿದರೆ, "ನಿಮ್ಮ ಒಲೆ ಹೊಗೆನೇ ಇರ್ಬೇಕಮ್ಮ, ಒಂದ್ಸಲ ನೋಡ್ಕೊಳ್ಳಿ" ಅನ್ನುತ್ತಾನೆ. ಅಂಥ ಬಾಯಿಗೆ ಏನು ಹೇಳೋಣ!

ಹೊಗೆ ಎಲ್ಲರಿಗೂ ಒಂದೇ, ನಿಜ. ಆದರೆ ಗುಬ್ಬಿಗೆ ಮಾತ್ರ ಅದು ಯಮ. ಟೈಲರಮ್ಮನ ಮಗಳು ಗುಬ್ಬಿ, ಈಗಷ್ಟೇ ಶಾಲೆಗೆ ಸೇರಿದ ಕೂಸು. ಸಂಜೆಯಾಯಿತೆಂದರೆ ಅವಳ ಎದೆಯೊಳಗೆ ಸಿಳ್ಳೆ ಕೇಳತೊಡಗುತ್ತದೆ. ಉಸಿರು ಎಳೆದಾಗಲೆಲ್ಲ ಕುತ್ತಿಗೆಯ ಬುಡದಲ್ಲಿ ಗುಳಿ ಬೀಳುತ್ತದೆ. ಎದೆಗೆ ಎಳೆದುಕೊಳ್ಳುವ ಔಷಧಿ ಮೊದಲು ಅಪರೂಪಕ್ಕೆ ಬೇಕಾಗುತ್ತಿತ್ತು, ಈಗ ಅದಿಲ್ಲದೆ ನಿದ್ದೆಯಿಲ್ಲ. ಡಾಕ್ಟರು ಸುತ್ತಿ ಬಳಸಿ ಹೇಳುವವರಲ್ಲ. "ಇರೋ ಹೊಗೆಗೇ ಈ ಪಾಡು. ಇದರ ಮೇಲೆ ಇನ್ನೊಂದು ಕೊಳವೆ ಬಂದ್ರೆ ಈ ಮಗು ಚಳಿಗಾಲ ದಾಟೋದು ಕಷ್ಟ ಕಣಮ್ಮ. ಮನೆ ಬದಲಾಯಿಸಿ" ಅಂದಿದ್ದರು. ಬದಲಾಯಿಸಿ ಅನ್ನುವುದು ಎಷ್ಟು ಸುಲಭ! ಗಂಡ ದೂರದ ಬಸ್ಸಿನ ಕಂಡಕ್ಟರ್, ವಾರಕ್ಕೊಮ್ಮೆ ಮುಖ ತೋರಿಸುವವನು. ಕೆಳಗಡೆ ಅಂಗಡಿ, ಮೇಲೆ ಮನೆ, ಅಷ್ಟೇ ಅವರ ಆಸ್ತಿ. ಈ ಬೀದಿಯಲ್ಲಿ ಮನೆ ಮಾರುತ್ತೇವೆ ಅಂದರೆ ನೋಡಲು ಬಂದವರು ಮೂಗು ಹಿಡಿದುಕೊಂಡು ವಾಪಸ್ಸು ಹೋಗುತ್ತಾರೆ.

ಹಾಗಾಗಿ ಟೈಲರಮ್ಮ ಸೆರಗು ಬಿಗಿದು ನಿಂತಳು. ಎದುರುಗಡೆ ಅಂಗಡಿಯ ಕ್ಷೌರಿಕಣ್ಣನನ್ನು ಜೊತೆಗೆ ಹಾಕಿಕೊಂಡು ಮನೆಮನೆ ತಿರುಗಿದಳು, ಪರಿಸರ ಇಲಾಖೆಯ ಮೆಟ್ಟಿಲು ಸವೆಸಿದಳು. ಅಲ್ಲಿ ಅವರದು ಒಂದೇ ರಾಗ. "ಕಣ್ಣಲ್ಲಿ ನೋಡಿದ್ದೀವಿ ಅಂದ್ರೆ ಆಗಲ್ಲಮ್ಮ, ಅಂಕಿ ಬೇಕು." ಕೊನೆಗೆ ಅಲ್ಲಿನ ಒಬ್ಬ ಅಧಿಕಾರಿಣಿ, ಗಾಳಿ ಅಳೆಯುವ ಕೆಲಸದವರು, ಬೀದಿಯವರು ಅವರನ್ನು ಮಾಪನದ ಮೇಡಂ ಅನ್ನುತ್ತಿದ್ದರು, ಹಟ ಹಿಡಿದು ಒಂದು ಯಂತ್ರ ಮಂಜೂರು ಮಾಡಿಸಿಕೊಂಡು ಬಂದರು. ಬಿಳೀ ಡಬ್ಬಿ, ಅದರಿಂದ ಹೊರಗೆ ಬಾಗಿದ ಒಂದು ಕೊಳವೆ. ಆ ಕೊಳವೆ ಗಾಳಿ ಎಳೆದುಕೊಂಡು ಅದರಲ್ಲಿರುವ ಮಸಿ ಧೂಳು ಎಷ್ಟೆಂದು ಲೆಕ್ಕ ಹಾಕಿ ತಾನಾಗಿಯೇ ಕಚೇರಿಗೆ ಕಳಿಸುತ್ತದೆ. ಡಬ್ಬಿಯ ಪಕ್ಕದ ಪುಟ್ಟ ಗಾಜಿನಲ್ಲಿ ಆಗಿನ ಅಂಕಿ ಕಾಣುತ್ತದೆ. ಅದನ್ನು ಟೈಲರಮ್ಮನ ತಾರಸಿಯ ಮೇಲೆ ಕೂರಿಸಿದರು.

"ನಮ್ಮ ಬೀದಿಯೋರ ಮೂಗೆಲ್ಲ ಕಟ್ಕೊಂಡು ಹಾಳಾಗೋಗಿವೆ, ಅದಕ್ಕೇ ಸರ್ಕಾರ ಹೊಸಾ ಮೂಗು ಕಳಿಸಿದೆ" ಅಂದ ಕ್ಷೌರಿಕಣ್ಣ. ಎಲ್ಲರೂ ನಕ್ಕರು. ಯಂತ್ರಕ್ಕೆ ಮೂಗು ಅನ್ನುವ ಹೆಸರೇ ನಿಂತುಹೋಯಿತು. ಮನೆಗೊಬ್ಬರಂತೆ ಸರದಿಯ ಮೇಲೆ ಬೆಳಗಿನ ಹೊತ್ತು ಹತ್ತಿ ಬಂದು ಅದು ನಡೆಯುತ್ತಿದೆಯೇ ಎಂದು ನೋಡಿಕೊಂಡು ಹೋಗುವುದು ಅಂತಾಯಿತು. ಸಂಜೆ ಮಾತ್ರ ಯಾರೂ ಬರುತ್ತಿರಲಿಲ್ಲ. ಹೊಗೆ ಬೀದಿಗೆ ಇಳಿದ ಮೇಲೆ ಯಾರೂ ಹೊರಗೆ ಕಾಲಿಡಬೇಡಿ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗಿರಿ ಎಂದು ಬೀದಿಗೆಲ್ಲ ಪಾಠ ಹೇಳಿದ್ದವಳು ಟೈಲರಮ್ಮನೇ.

ಮೂಗು ಬಂದ ದಿನ ಅವಳು ಅತ್ತೆಯ ಕೈ ಹಿಡಿದುಕೊಂಡು ಹೇಳಿದ್ದಳು, "ಅತ್ತೆ, ಇದು ಬರೀ ಡಬ್ಬಿ ಅಲ್ಲ, ನಮ್ಮ ಗುಬ್ಬಿ ಪ್ರಾಣ ಅಂತ ತಿಳ್ಕೊಳ್ಳಿ. ನಾನು ಹೊಲಿಗೆ ಬಿಟ್ಟು ಏಳೋಕಾಗಲ್ಲ. ಇದಕ್ಕೆ ಏನೂ ಆಗ್ದಂಗೆ ನೀವೇ ನೋಡ್ಕೋಬೇಕು."

"ಅಯ್ಯೋ, ಅದನ್ನೂ ಹೇಳ್ಬೇಕೇನೇ?" ಅಂದಿತ್ತು ಮುದಿ ಜೀವ.

ಹೇಳಿದಂತೆಯೇ ನಡೆದುಕೊಂಡಿತು ಕೂಡ. ಕಾಗೆ ಕೂತರೆ ಕೋಲು, ಪಕ್ಕದ ಮನೆಯ ಚೆಂಡು ಬಂದು ಬಿದ್ದರೆ ಬೈಗುಳ. ದಿನ ಬೆಳಗಾದರೆ ಒಣಬಟ್ಟೆಯಲ್ಲಿ ಅದರ ಮೈ ಒರೆಸಿ, "ಏನಪ್ಪಾ ಮೂಗಣ್ಣ, ನಿದ್ದೆ ಆಯ್ತಾ?" ಎಂದು ಕ್ಷೇಮ ವಿಚಾರಿಸುವುದು ಬೇರೆ. ಟೈಲರಮ್ಮ ಕೆಳಗಿನಿಂದಲೇ ಕೇಳಿಸಿಕೊಂಡು ನಗುತ್ತಿದ್ದಳು. ಇಂಥ ಅತ್ತೆ ಯಾರಿಗುಂಟು ಯಾರಿಗಿಲ್ಲ ಅಂದುಕೊಳ್ಳುತ್ತಿದ್ದಳು.

ಗುಬ್ಬಿಯನ್ನು ಕ್ಷೌರಿಕಣ್ಣನ ಹೆಂಡತಿಯ ಮಡಿಲಿಗೆ ಹಾಕಿ, ಅರ್ಧ ಬೀದಿ ಅಹವಾಲು ಸಭೆಗೆ ಹೊರಟಿತು. "ನಾನೂ ಬರ್ತೀನಿ, ನಮ್ಮ ಮೂಗು ಗೆಲ್ಲೋದನ್ನ ನೋಡ್ಬೇಕು" ಎಂದು ಅತ್ತೆಯೂ ಇದ್ದುದರಲ್ಲಿ ಒಳ್ಳೆಯ ಸೀರೆ ಸುತ್ತಿಕೊಂಡು ಬಂದರು.

ಇಲಾಖೆಯ ದೊಡ್ಡ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ಕಿರುಗುಟ್ಟುವ ಫ್ಯಾನು. ಎದುರಿನ ಮೇಜಿನ ಹಿಂದೆ ತೀರ್ಪು ಕೊಡುವ ಹಿರಿಯ ಅಧಿಕಾರಿ, ಒಂದು ಪಕ್ಕ ಕಾರ್ಖಾನೆಯ ವಕೀಲ, ಇನ್ನೊಂದು ಪಕ್ಕ ಮಾಪನದ ಮೇಡಂ. ಮೇಡಂ ಮುಖ ಯಾಕೋ ಬಾಡಿದ ಹಾಗಿತ್ತು. ಟೈಲರಮ್ಮ ಕೈಯೆತ್ತಿ ನಮಸ್ಕಾರ ಮಾಡಿದರೆ ಅವರು ಕಣ್ಣು ತಪ್ಪಿಸಿದರು.

ಮೊದಲು ಕಾರ್ಖಾನೆಯವರು ತಾವೇ ಅಳೆದುಕೊಂಡಿದ್ದ ಅಂಕಿಗಳನ್ನು ಓದಿದರು. ಎಲ್ಲ ಬೆಳಗಿನ ಹೊತ್ತಿನವು, ಎಲ್ಲ ಮಿತಿಯೊಳಗೆ. ಬೀದಿಯವರು ಮುಸಿಮುಸಿ ನಕ್ಕರು. ನಗಲಿ ಬಿಡಿ, ಅವರ ತಾರಸಿಯ ಮೇಲೆ ಮೂಗಿತ್ತಲ್ಲ!

ಆಮೇಲೆ ಹಿರಿಯ ಅಧಿಕಾರಿ ಕನ್ನಡಕ ಏರಿಸಿಕೊಂಡು ಇನ್ನೊಂದು ಹಾಳೆ ಎತ್ತಿಕೊಂಡರು. "ಬೀದಿಯವರು ಕೇಳಿಕೊಂಡಿದ್ದಕ್ಕೆ ಇಲಾಖೆ ಹಾಕಿದ ಯಂತ್ರದ ಅಂಕಿ ಇದು. ಇದೂ ಮಿತಿಯೊಳಗೇ ಇದೆ. ಅಷ್ಟೇ ಅಲ್ಲ, ಸಂಜೆ ಹೊಗೆ ಬರತ್ತೆ ಅಂತ ನೀವು ದೂರು ಕೊಟ್ಟಿದ್ದೀರಲ್ಲ, ಸರಿಯಾಗಿ ಅದೇ ಹೊತ್ತಿಗೆ ಇಡೀ ಊರಲ್ಲೇ ನಿಮ್ಮ ಬೀದಿ ಗಾಳಿ ಎಲ್ಲಕ್ಕಿಂತ ಶುದ್ಧ."

ವಕೀಲ ಕೆಮ್ಮಿದ ಹಾಗೆ ಮಾಡಿ ನಗು ಮುಚ್ಚಿಕೊಂಡ. "ಎಲಾ ಇವನ!" ಅಂದ ಕ್ಷೌರಿಕಣ್ಣ, ಯಾರಿಗೆ ಅಂದನೋ. ಟೈಲರಮ್ಮನಿಗೆ ಕೂತ ಕುರ್ಚಿ ಜಾರಿದ ಹಾಗಾಯಿತು. ನಿನ್ನೆ ಸಂಜೆ ಗುಬ್ಬಿಯ ತುಟಿ ನೀಲಿಗಟ್ಟಿತ್ತು. ಅದು ಶುದ್ಧ ಗಾಳಿಯೇ?

ಮಾಪನದ ಮೇಡಂ ಎದ್ದು ನಿಂತರು. "ಸಾರ್, ಇದುವರೆಗೂ ನನ್ನ ಕೈಗೆ ಬರ್ತಾ ಇದ್ದಿದ್ದು ದಿನದ ಸರಾಸರಿ ಮಾತ್ರ. ಈ ಸಭೆಗೆ ಅಂತ ಹೊತ್ತುಹೊತ್ತಿನ ಅಂಕಿ ತೆಗೆಸಿದಾಗ್ಲೇ ನನಗೂ ಗೊತ್ತಾಗಿದ್ದು. ದಿನಾ ಸಂಜೆ ಅಂಕಿ ದಬಕ್ಕನೆ ಬೀಳತ್ತೆ, ಬೆಳಿಗ್ಗೆ ಏಳತ್ತೆ. ಯಂತ್ರ ಕೆಟ್ರೆ ಹೀಗೆ ಹೊತ್ತು ನೋಡ್ಕೊಂಡು ಕೆಡಲ್ಲ. ಯಾರೋ ಅದರ ಬಾಯಿ ಮುಚ್ತಾ ಇದ್ದಾರೆ ಅಂತ ನನ್ನ ಅನುಮಾನ."

ಕೋಣೆ ಗುಜುಗುಜು ಎಂದಿತು. ಹಿರಿಯ ಅಧಿಕಾರಿ ಮೇಜು ಕುಟ್ಟಿದರು. "ಕಾರ್ಖಾನೆ ಕಡೆಯೋರು ಮುಚ್ಚಿದ್ದಾರೆ ಅಂತ ಯಾರಾದ್ರೂ ಕಣ್ಣಾರೆ ಕಂಡೋರು ಇದ್ರೆ ಹೇಳಿ. ಹಾಗಿದ್ರೆ ಇವತ್ತಿನ ಅರ್ಜಿ ಇಲ್ಲಿಗೇ ಕ್ಲೋಸ್. ಹೊಸ ಕೊಳವೆ ಹಾಗಿರಲಿ, ಹಳೇದಕ್ಕೂ ಬೀಗ ಬೀಳತ್ತೆ."

ಬಾಯಿ ಮುಚ್ಚುವುದು. ಟೈಲರಮ್ಮನ ಕಣ್ಣ ಮುಂದೆ ತಾರಸಿಯ ತಂತಿ ಬಂದು ನಿಂತಿತು. ಅಲ್ಲಿ ದಿನಾ ಬೆಳಿಗ್ಗೆ ಒಂದು ಹಳದಿ ಬಟ್ಟೆ ಒಣಗುತ್ತಿರುತ್ತದೆ. ಗುಬ್ಬಿಯ ತೊಟ್ಟಿಲ ಕಾಲದ ಮೆತ್ತನೆ ಬಟ್ಟೆ. ಅದನ್ನು ಯಾಕೆ ದಿನವೂ ಒಗೆಯುತ್ತಾರೆ ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತೆಯ ಕಿವಿಗೆ ಬಾಗಿದಳು.

"ಅತ್ತೆ, ಸಂಜೆ ಹೊತ್ತು ನೀವು ಮೂಗಿಗೆ ಏನಾದ್ರೂ ಹೊದಿಸ್ತೀರಾ?"

"ಹೊದಿಸ್ದೇ ಮತ್ತೆ?" ಅತ್ತೆಗೆ ಈ ಪ್ರಶ್ನೆಯೇ ವಿಚಿತ್ರ. "ಒಣಗಿದ ಬಟ್ಟೆ ತರೋಕೆ ಹೋದಾಗ ಒದ್ದೆ ಬಟ್ಟೆ ಎರಡು ಮಡಿಕೆ ಮಾಡಿ ಕಟ್ಟಿ ಬರ್ತೀನಿ. ಆ ದರಿದ್ರ ಹೊಗೇಲಿ ಅದನ್ನ ಹಾಗೇ ಬಿಡಕ್ಕಾಗತ್ತಾ? ಕಿಟಕಿಗೆ ಕಟ್ಟು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ. ಬೆಳಿಗ್ಗೆ ಹೊಗೆ ಹೋದ್ಮೇಲೆ ಬಿಚ್ತೀನಿ."

ಅಯ್ಯೋ ದೇವರೇ! ಕೂಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಟೈಲರಮ್ಮನಿಗೆ ತಿಳಿಯಲಿಲ್ಲ. ಹೊಗೆಯನ್ನು ಹಿಡಿಯಲೆಂದು ತಂದಿಟ್ಟ ಯಂತ್ರವನ್ನು ಹೊಗೆ ತಾಕದ ಹಾಗೆ ಕಾಪಾಡಿಕೊಂಡು ಬಂದಿದ್ದರು ಅತ್ತೆ. ಮೇಡಂ ಎಲ್ಲ ಹೇಳಿಕೊಟ್ಟಿದ್ದರು, ನೀರು ಹುಯ್ಯಬೇಡಿ, ಅಲುಗಾಡಿಸಬೇಡಿ, ಹಕ್ಕಿ ಕೂರದಂತೆ ನೋಡಿಕೊಳ್ಳಿ ಎಂದು. ಹೊಗೆ ಬಂದಾಗ ಹೊದಿಸಬೇಡಿ ಎಂದು ಮಾತ್ರ ಹೇಳಿರಲಿಲ್ಲ. ಯಾರಿಗೆ ತಾನೇ ಹೊಳೆಯುತ್ತದೆ ಅದು!

ಇನ್ನೊಂದು ಪಕ್ಕದಲ್ಲಿದ್ದ ಕ್ಷೌರಿಕಣ್ಣನಿಗೆ ಇಷ್ಟೂ ಕೇಳಿಸಿತ್ತು. ಕತ್ತರಿಯಷ್ಟೇ ಚುರುಕು ಅವನ ತಲೆ. ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ತಂಗಿ, ಎದ್ದೇಳು. ಕಾರ್ಖಾನೆ ಕಾವಲುಗಾರ ಗೋಡೆ ಹಾರಿ ಬಂದು ಮುಚ್ತಿದ್ದ, ನಾನೇ ನೋಡ್ದೆ ಅಂತ ಹೇಳಿಬಿಡು. ನಾನೂ ನೋಡ್ದೆ ಅಂತೀನಿ. ಗುಬ್ಬಿ ಮುಖ ನೆನಸ್ಕೋ."

ಗುಬ್ಬಿಯ ಮುಖವನ್ನು ಬೇರೆ ನೆನೆಸಿಕೊಳ್ಳಬೇಕಾಗಿತ್ತೇ? ಅದು ಕಣ್ಣಿನಿಂದ ಆಚೆ ಹೋದರಲ್ಲವೇ ನೆನೆಸಿಕೊಳ್ಳುವುದು. ಟೈಲರಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಅಳತೆ ತಪ್ಪಿದರೆ ತಪ್ಪಿತು ಎಂದು ಗಿರಾಕಿಯ ಮುಂದೆಯೇ ಒಪ್ಪಿಕೊಳ್ಳುವವಳು. ಆದರೆ ಆ ಹೊತ್ತಿನಲ್ಲಿ ಅವಳಿಗೆ ಸುಳ್ಳು, ನಿಜ ಎರಡೂ ಬೇಕಿರಲಿಲ್ಲ. ಮಗಳ ಉಸಿರು ಬೇಕಿತ್ತು. ಆ ಕಾವಲುಗಾರನ ಕೆಲಸ ಹೋದರೆ ಹೋಗಲಿ, ಅವನು ಜೈಲಿಗೆ ಹೋದರೂ ಹೋಗಲಿ ಎಂದುಕೊಂಡೇ ಅವಳು ಎದ್ದಳು.

"ಸಾರ್, ನಮ್ಮ ತಾರಸಿಗೆ ಕಳ್ಳತನದಲ್ಲಿ ಹತ್ತಿ ಬಂದು ಯಾರೋ ಒಬ್ಬ ಪಾಪಿ ಆ ಯಂತ್ರಕ್ಕೆ..."

"ಯಾರೋ ಯಾಕಾಗ್ತಾರೆ?" ಪಕ್ಕದಿಂದ ದನಿ ಬಂತು.

ಅತ್ತೆ ಎದ್ದು ನಿಂತುಬಿಟ್ಟಿದ್ದರು. ಟೈಲರಮ್ಮ ಅವರ ಸೀರೆ ಹಿಡಿದು ಎಳೆದಳು. ಎಳೆದರೆ ಕೂರುವ ಪೈಕಿಯೇ ಅದು! ತನ್ನ ಕಾವಲಿರುವಾಗ ಕಳ್ಳ ಹತ್ತಿ ಬಂದ ಎಂದರೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಉಂಟೇ?

"ಸ್ವಾಮಿ, ನಮ್ಮ ಸೊಸೆಗೆ ಗಾಬರಿ, ಏನೇನೋ ಹೇಳ್ತಾಳೆ. ನಮ್ಮ ತಾರಸಿಗೆ ಒಂದು ನರಪಿಳ್ಳೆ ಹತ್ತಿಲ್ಲ. ನಾನು ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾದಿದ್ದೀನಿ. ದಿನಾ ಸಂಜೆ ಹೊಗೆ ಬರೋ ಹೊತ್ತಿಗೆ ಸರಿಯಾಗಿ ನಾನೇ ನನ್ನ ಕೈಯಾರೆ ಒದ್ದೆ ಬಟ್ಟೆ ಕಟ್ತೀನಿ. ಒಂದು ಚೂರು ಮಸಿ ಒಳಗೆ ಹೋಗಕ್ಕೆ ಬಿಟ್ಟಿಲ್ಲ, ಬೇಕಾದ್ರೆ ಬಿಚ್ಚಿ ನೋಡ್ಕೊಳ್ಳಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಕೋಣೆಯೆಲ್ಲ ನಗೆಯೆದ್ದಿತು. ಅತ್ತೆಯೂ ನಕ್ಕರು, ತನ್ನನ್ನು ಮೆಚ್ಚಿದರು ಎಂದುಕೊಂಡು. ಬೀದಿಯವರಲ್ಲಿ ಮಾತ್ರ ಯಾರೂ ನಗಲಿಲ್ಲ.

ಮಾಪನದ ಮೇಡಂ ಮುಳುಗುವವರ ಹಾಗೆ ಕೊನೆಯ ಆಸೆಯಿಂದ ಕೇಳಿದರು. "ಅಜ್ಜಿ, ಆ ಬಟ್ಟೆ ಇದೆಯಾ? ಅದರಲ್ಲಿರೋ ಮಸೀನೇ ಸಾಕು, ಪರೀಕ್ಷೆಗೆ ಕಳಿಸ್ತೀನಿ."

"ಇಲ್ದೇ ಏನು ತಾಯಿ? ದಿನಾ ಒಗೆದು ಹಾಕ್ತೀನಿ. ಮಸಿ ಬಟ್ಟೆ ಯಾರಾದ್ರೂ ಹೊದಿಸ್ತಾರಾ? ಇವತ್ತು ನೀವೆಲ್ಲ ನೋಡಕ್ಕೆ ಬಂದ್ರೂ ಬರಬಹುದು ಅಂತ ಸೋಪು ಹಾಕಿ ಕುದಿಸೇ ಬಂದಿದ್ದೀನಿ."

ಮೇಡಂ ಕೂತುಬಿಟ್ಟರು. ವಕೀಲ ಎದ್ದು ಅತ್ತೆಗೆ ಬಗ್ಗಿ ಕೈಮುಗಿದ, ಅಯೋಗ್ಯ! "ಈ ತಾಯಿಯ ಪ್ರಾಮಾಣಿಕತೆಗೆ ನಾನು ತಲೆ ಬಾಗ್ತೀನಿ. ಬೀದಿಯ ಯಂತ್ರದ ಅಂಕಿಗಳನ್ನ ಪೂರ್ತಿ ಕೈಬಿಡಬೇಕು ಅಂತ ಕೋರ್ತೀನಿ" ಅಂದ.

ಹಿರಿಯ ಅಧಿಕಾರಿ ಕೆಟ್ಟವರೇನಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬೀದಿಯವರ ಕಡೆ ನೋಡದೆಯೇ ಹೇಳಿದರು. ಮುಚ್ಚಿಟ್ಟ ಯಂತ್ರದ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ಅದು ಹೋದರೆ ಉಳಿಯುವುದು ಕಾರ್ಖಾನೆಯ ಅಂಕಿ, ಅದು ಮಿತಿಯೊಳಗಿದೆ. ಎರಡನೇ ಕೊಳವೆಗೆ ಪರವಾನಗಿ ಕೊಡದೆ ವಿಧಿಯಿಲ್ಲ. ಯಂತ್ರವನ್ನು ಇನ್ನು ಮುಂದೆ ಯಾರೂ ಮುಟ್ಟದೆ ಹಾಗೇ ಬಿಡಬೇಕು. ಚಳಿಗಾಲ ಮುಗಿದ ಮೇಲೆ ಅದರ ಅಂಕಿ ಮಿತಿ ದಾಟಿದ್ದು ಕಂಡರೆ ಪರವಾನಗಿಯನ್ನು ಮತ್ತೆ ವಿಚಾರಿಸಬಹುದು.

ಚಳಿಗಾಲ ಮುಗಿದ ಮೇಲೆ! ಗುಬ್ಬಿ ದಾಟಲಾರಳು ಎಂದು ಡಾಕ್ಟರು ಹೇಳಿದ್ದು ಆ ಚಳಿಗಾಲವನ್ನೇ.

ವಾಪಸ್ಸು ಬರುವ ಬಸ್ಸಿನಲ್ಲಿ ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ಸಣ್ಣ ದನಿಯಲ್ಲಿ, "ನಾನೇನಾದ್ರೂ ತಪ್ಪು ಮಾತಾಡಿದ್ನೇನೇ?" ಎಂದು ಸೊಸೆಯನ್ನು ಕೇಳಿದರು. ಟೈಲರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಬಾಯಿ ತೆರೆದರೆ ಎಂಥ ಮಾತು ಬರುತ್ತದೋ ಎಂದು ಅವಳಿಗೆ ತನ್ನ ಬಾಯಿಯದೇ ಹೆದರಿಕೆ.

ಕ್ಷೌರಿಕಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. "ಅಲ್ಲಾ ಅಜ್ಜಿ, ಮೂಗಿಗೆ ಬಟ್ಟೆ ಬಿಗಿದು ವಾಸನೆ ನೋಡು ಅಂದ್ರೆ ಅದೇನು ಮಣ್ಣು ನೋಡತ್ತೆ? ಹೊಗೆ ಕುಡೀಲಿ ಅಂತಾನೇ ಅದನ್ನ ಅಲ್ಲಿ ಇಟ್ಟಿದ್ದು! ಕುಡಿದು, ಇಷ್ಟು ಹೊಗೆ ಇದೆ ಅಂತ ಸರ್ಕಾರಕ್ಕೆ ಹೇಳ್ಲಿ ಅಂತ!"

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ಅವತ್ತು ಹೊಗೆ ಎಂದಿಗಿಂತ ಮುಂಚೆಯೇ ಬಂತು. ಇನ್ನು ಯಾರ ಭಯ? ಕತ್ತಲಾಗುವ ತನಕ ಕಾಯುವ ಸೌಜನ್ಯವೂ ಉಳಿದಿರಲಿಲ್ಲ. ಟೈಲರಮ್ಮ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿ, ಗುಬ್ಬಿಯನ್ನು ಗೋಡೆಗೆ ಒರಗಿಸಿ ಕೂರಿಸಿ ಔಷಧಿ ಎಳೆಸಿದಳು. ಸಿಳ್ಳೆ ನಿಲ್ಲಲಿಲ್ಲ. ಇನ್ನೊಂದು ಸಲ ಎಳೆಸಿದಳು. "ಅಜ್ಜಿ ಎಲ್ಲಿ?" ಎಂದು ಕೇಳುವಷ್ಟರಲ್ಲಿ ಮಗುವಿಗೆ ಎರಡು ಸಲ ಉಸಿರು ಕಟ್ಟಿತು.

ಅಜ್ಜಿ ಮನೆಯೊಳಗೆಲ್ಲೂ ಇರಲಿಲ್ಲ. ಒಣಗಿಸಿ ಮಡಚಿಟ್ಟಿದ್ದ ಹಳದಿ ಬಟ್ಟೆಯೂ ಇರಲಿಲ್ಲ.

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟೆಲ್ಲ ಆದ ಮೇಲೂ ಮತ್ತೆ ಹೊದಿಸಲು ಹೋಗಿದ್ದಾರಲ್ಲ! ಮೆಟ್ಟಿಲು ದಡದಡ ಹತ್ತಿದಳು. ಹತ್ತುತ್ತಲೇ ಅತ್ತೆಗೆ ಜನ್ಮದಲ್ಲಿ ಅಂದಿರದ ಮಾತುಗಳನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡಳು.

ತಾರಸಿಯ ಮೇಲೆ ಕಣ್ಣು ಉರಿಸುವ ಹೊಗೆ. ಅದರ ನಡುವೆ ಅತ್ತೆ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದರು. ಹಳದಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆಯಿಂದ ಹೊಗೆಯನ್ನು ಬೀಸಿ ಬೀಸಿ ಯಂತ್ರದ ಕೊಳವೆಗೆ ನೂಕುತ್ತಿದ್ದರು. ಕೆಮ್ಮು ಒತ್ತರಿಸಿ ಬರುತ್ತಿತ್ತು, ಕಣ್ಣಲ್ಲಿ ನೀರು ಧಾರಾಕಾರ. "ಕುಡಿಯೋ ಮೂಗಣ್ಣ, ಕುಡಿಯಪ್ಪಾ. ಇಷ್ಟು ದಿನ ನಿನ್ನ ಉಪವಾಸ ಕೆಡವಿದ್ನಲ್ಲೋ ನಾನು, ಎಲ್ಲಾ ಕುಡಿ, ನನ್ನ ಕಂದ" ಎನ್ನುತ್ತಿದ್ದರು, ಊಟ ಬೇಡವೆನ್ನುವ ಮಗುವನ್ನು ರಮಿಸುವ ಹಾಗೆ.

ನಾಲಿಗೆಯ ತುದಿಗೆ ತಂದುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಟೈಲರಮ್ಮ ಹೋಗಿ ಅವರ ಕೈ ಹಿಡಿದಳು.

"ಬೀಸಬೇಡಿ ಅತ್ತೆ."

"ಬಿಡೇ, ಬಿಡು. ಕಳ್ಕೊಂಡಿದ್ದಷ್ಟೂ ಒಳಗೆ ಹೋಗ್ಲಿ."

"ಬೀಸಿದ್ರೂ ಅದು ಸುಳ್ಳೇ ಆಗತ್ತೆ ಅತ್ತೆ. ಯಾರೂ ಮುಟ್ಟಬಾರದು ಅಂದಿದ್ದಾರೆ. ಅದರ ಪಾಡಿಗೆ ಅದು ಎಳ್ಕೊಳ್ಲಿ. ಕೊಡಿ ಆ ಬಟ್ಟೆ."

ಅತ್ತೆ ಬಟ್ಟೆ ಕೊಡಲಿಲ್ಲ, ಎದೆಗೆ ಅವುಚಿಕೊಂಡು ಅಲ್ಲೇ ಕುಸಿದು ಕೂತರು. "ನನ್ನ ಕೈಯಾರೆ ನನ್ನ ಮೊಮ್ಮಗಳ ಕತ್ತು ಹಿಸುಕಿದೆ ಕಣೇ. ಒಂದು ಸಲ ಬೈಯೇ ನನ್ನ, ಬೈದಾದ್ರೂ ಬಿಡೇ." ಬೈಯುವ ಶಕ್ತಿ ಟೈಲರಮ್ಮನಲ್ಲಿ ಉಳಿದಿರಲಿಲ್ಲ. ತಾನೂ ಸುಳ್ಳು ಹೇಳಲು ಎದ್ದು ನಿಂತಿದ್ದವಳೇ ಎನ್ನುವುದು ಅವಳಿಗೆ ಗೊತ್ತಿತ್ತು, ಆ ಸುಳ್ಳು ನಡೆಯಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತಿತ್ತು. ಅತ್ತೆಯ ಕಣ್ಣನ್ನು ತನ್ನ ಸೆರಗಿನಿಂದ ಒರೆಸಿದಳು. ಸೆರಗು ಕಪ್ಪಾಯಿತು.

"ನೀವು ಕೆಳಗೆ ಹೋಗಿ ಗುಬ್ಬಿ ಹತ್ರ ಕೂತ್ಕೊಳ್ಳಿ. ಆ ಬಟ್ಟೆ ಒದ್ದೆ ಮಾಡಿ ಅವಳ ಮೂಗಿಗೆ ಕಟ್ಟಿ. ನಾನು ಇದನ್ನ ನೋಡ್ತಾ ಇರ್ತೀನಿ, ಇವತ್ತು ಅಂಕಿ ಏರತ್ತೋ ಇಲ್ವೋ ನೋಡ್ಲೇಬೇಕು."

ಅತ್ತೆ ಗೋಡೆ ಹಿಡಿದುಕೊಂಡು ಇಳಿದು ಹೋದರು. ಟೈಲರಮ್ಮ ಯಂತ್ರದ ಪಕ್ಕ ಮೊಣಕಾಲೂರಿ ಆ ಪುಟ್ಟ ಗಾಜಿಗೆ ಕಣ್ಣಿಟ್ಟಳು. ಇಷ್ಟು ದಿನ ಹೊಗೆ ಬಾರದಿರಲಿ ಎಂದು ಹಾರೈಸಿದವಳು ಅವಳು. ಈಗ ಏರು, ಏರು ಎಂದು ಬೇಡಿಕೊಳ್ಳುತ್ತಿದ್ದಳು. ಅಂಕಿ ಮೆಲ್ಲಗೆ ಏರುತ್ತಿತ್ತು. ಮಿತಿಯ ಹತ್ತಿರ ಬಂತು, ಅಲ್ಲೇ ತೂಗಾಡಿತು. ಗಾಳಿ ಸ್ವಲ್ಪ ಬೇರೆ ಕಡೆ ತಿರುಗಿದರೆ ಸಾಕು, ಕೆಳಗೆ ಮಗು ಉಸಿರಾಡೀತು, ಅಂಕಿ ಇಳಿದೀತು. ಕಾರ್ಖಾನೆಯ ಕಡೆಯಿಂದ ಹೊಸದೊಂದು ಕರೀ ಮೋಡ ಎದ್ದು ಗೋಡೆ ದಾಟುತ್ತಿತ್ತು. ಅದು ಇತ್ತ ಬರಲಿ ಎಂದು ಹಾರೈಸುತ್ತಿರುವವಳು ತಾನೇ ಎನ್ನುವುದು ಅವಳಿಗೆ ತಿಳಿಯದೆ ಇರಲಿಲ್ಲ.

ಮೆಟ್ಟಿಲ ಕೆಳಗಿನಿಂದ ಗುಬ್ಬಿಯ ಕೆಮ್ಮು ಕೇಳಿತು, ಅದರ ಹಿಂದೆಯೇ ಅತ್ತೆಯ ಕೂಗು.

"ಎಷ್ಟಾಯ್ತೇ? ಸಾಕಾ? ಮಗು ತಡ್ಕೊಳ್ತಿಲ್ಲ ಕಣೇ!"

ಟೈಲರಮ್ಮ ಗಾಜಿನ ಮೇಲೆ ಕೂತ ಮಸಿಯನ್ನು ಬೆರಳಿನಿಂದ ಒರೆಸಿ ನೋಡಿದಳು. "ಇನ್ನೂ ಸಾಲದು ಅತ್ತೆ" ಅಂದಳು. "ಇನ್ನೂ ಸ್ವಲ್ಪ ಹೊಗೆ ಬರ್ಲಿ."